ಹನ್ನೆರಡನೇ ಗಂಟು

ಹೊಳೆನರಸೀಪುರ ತಾಲ್ಲೂಕು
ಕಾರ್ತೀಕ ಹುಣ್ಣಿಮೆ, ಬುಧವಾರ
5-11-2025

ಮಗಳು ತೇಜಶ್ರೀಗೆ, ಅಮ್ಮನ ಆಶೀರ್ವಾದ.

ಇವತ್ತು ಹುಣ್ಣಿಮೆ, ನಂದು ಒಪ್ಪೊತ್ತು. ಕೊಟ್ಟಿಗೆ ಬಾಚಿ, ಹಾಲು ಕರೆದು ಡೈರಿಗೆ ಹಾಕಿ ಬಂದು, ಬಾಗಿಲು ಸಾರಿಸಿ ರಂಗೋಲೆ ಬಿಟ್ಟು, ತಲೆಗೆ ನೀರು ಹಾಕ್ಕೊಂಡು ದೀಪ ಹಚ್ಚಿದ್ದಾಯಿತು. ಒಂದು ದೀಪ ಚೌಡಮ್ಮನಿಗೆ, ಇನ್ನೊಂದು ನಿನ್ನ ಭೀಮ ಮಾವ ತಂದು ಹಾಕಿರೋ ಬುದ್ಧನ ಪಟಕ್ಕೆ. ಎರಡು ಯಾಕೆ, ಎಣ್ಣೆ ದಂಡ ಅಂತಾನೆ ಅವನು ಬಂದಾಗೆಲ್ಲ. ಎರಡರಲ್ಲೂ ಬೆಳಕೇ ಬರೋದು ಸುಮ್ಮನಿರಪ್ಪ ಅಂತೀನಿ. ನಿಮ್ಮಪ್ಪ ರಾಗಿ ಹೊಲದ ಕಡೆ ಹೋಗಿದಾರೆ, ನಾಳೆಯಿಂದ ಕೊಯ್ಲು. ಮನೇಲಿ ಯಾರೂ ಇಲ್ಲ, ಅದಕ್ಕೇ ಈಗ ಬರೆಯೋಕೆ ಕೂತಿದೀನಿ.

ತಡವಾಯಿತು, ಬೇಜಾರು ಮಾಡ್ಕೋಬೇಡ. ದೀಪಾವಳಿ ಮುಗಿಸಿ ಚನ್ನರಾಯಪಟ್ಟಣದ ಬಸ್ಸು ಹತ್ತುವಾಗ ನೀನು ಮೂರು ಪ್ರಶ್ನೆ ಬರೆದ ಚೀಟಿ ಕೊಟ್ಟು ಹೋದೆ. ತಾತ ದಾರದಲ್ಲಿ ಗಂಟು ಹೇಗೆ ಹಾಕ್ತಿದ್ದರು, ತಪ್ಪು ಆಗಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ತಿತ್ತು, ಆ ದಾರ ಒಂದು ಸಲನಾದರೂ ಕೈಕೊಟ್ಟಿತ್ತಾ. ಫೋನಿನಲ್ಲಿ ಹೇಳಿದರೆ ಮರೆತು ಹೋಗುತ್ತೆ, ಬರೆದೇ ಕೊಡು, ಹದಿನೈದನೇ ತಾರೀಕು ನಾನು ಪಾಠ ಮಾಡೋ ಕಾಲೇಜಿನ ಸಭೆಯಲ್ಲಿ ಓದಿ ಹೇಳ್ತೀನಿ ಅಂದೆ. ಚೀಟಿನ ಕ್ಯಾಲೆಂಡರಿಗೆ ಸಿಗಿಸಿದೀನಿ. ಮೂರು ಸಲ ಬರೆಯೋಕೆ ಕೂತೆ. ಒಂದು ಸಲ ಕರು ಹಗ್ಗ ಕಿತ್ತುಕೊಂಡಿತು ಅಂತ ಎದ್ದೆ, ಒಂದು ಸಲ ಪಕ್ಕದ ಮನೆ ಬಸವಲಿಂಗಮ್ಮ ಬಂದಳು ಅಂತ ಎದ್ದೆ, ಇನ್ನೊಂದು ಸಲ ಯಾವ ನೆವವೂ ಇಲ್ಲದೆ ಎದ್ದೆ.

ಬಸವಲಿಂಗಮ್ಮ ಇನ್ನೂ ನಿನ್ನ ಹುಣಸೇಬೀಜದ ಆಟ ಹೇಳ್ಕೊಂಡು ಬೀದಿ ತುಂಬ ತಿರುಗ್ತಾ ಇದಾಳೆ. ನೀನು ಹಬ್ಬಕ್ಕೆ ಬಂದಾಗ ಚೌಕಾಬಾರದ ಡಬ್ಬಿಯಿಂದ ಒಡೆದ ಬೀಜ ತೆಗೆದು, ಕೆಲವು ಕರಿ ಮೇಲಾಗಿ, ಕೆಲವು ಬಿಳಿ ಮೇಲಾಗಿ, ನಾಲ್ಕು ಸಾಲು ಜೋಡಿಸಿದೆಯಲ್ಲ. ಪ್ರತಿ ಸಾಲಿನ ಕೊನೆಗೂ ಕೆಳಗಡೆಗೂ ಒಂದೊಂದು ಬೀಜ ಹೆಚ್ಚಿಗೆ ಇಟ್ಟು, ಅಡ್ಡ ನೋಡಿದರೂ ಉದ್ದ ನೋಡಿದರೂ ಕರಿ ಬೀಜ ಜೋಡಿಜೋಡಿಯಾಗೇ ಬರೋ ಹಾಗೆ ಮಾಡಿದೆ. ಆಮೇಲೆ ಗೋಡೆ ಕಡೆ ತಿರುಗಿಕೊಂಡು, ಒಂದೇ ಒಂದು ಬೀಜ ಮಗುಚಿ ಹಾಕು ಅತ್ತೆ ಅಂದೆ. ಅವಳು ಮಗುಚಿದಳು, ನೀನು ತಿರುಗಿ ನೋಡಿ ಅದರ ಮೇಲೇ ಬೆರಳಿಟ್ಟೆ. ನನಗೆ ಮೊದಲು ಮಾಟ ಅನ್ನಿಸಿತು, ಆಮೇಲೆ ತಿಳೀತು. ಅಡ್ಡ ಸಾಲು ನನ್ನಲ್ಲಿ ಜೋಡಿ ತಪ್ಪಿದೆ ಅನ್ನುತ್ತೆ, ಉದ್ದ ಸಾಲೂ ನನ್ನಲ್ಲಿ ತಪ್ಪಿದೆ ಅನ್ನುತ್ತೆ, ಇಬ್ಬರೂ ಸೇರೋ ಜಾಗದಲ್ಲಿ ಕಳ್ಳ ಇದಾನೆ. ಅಡ್ಡ ಮಾತ್ರ ಇದ್ದಿದ್ದರೆ ತಪ್ಪಾಗಿದೆ ಅಂತ ಗೊತ್ತಾಗೋದು, ಎಲ್ಲಿ ಅಂತ ಗೊತ್ತಾಗ್ತಿರಲಿಲ್ಲ.

ಫೋನಿನಲ್ಲಿ ಬರೋ ಪಟ, ಮಾತು ಎಲ್ಲ ಒಳಗೆ ಹೀಗೇ ಕರಿ ಬಿಳಿ ಬೀಜಗಳ ಸಾಲು ಅಂದೆ. ದಾರಿಯಲ್ಲಿ ಬರ್ತಾ ಬರ್ತಾ ಕೆಲವು ಮಗುಚಿಕೊಳ್ಳುತ್ತೆ, ಜೊತೆಗೆ ಬಂದಿರೋ ಹೆಚ್ಚಿಗೆ ಬೀಜ ನೋಡ್ಕೊಂಡು ಯಂತ್ರ ತಾನೇ ಸರಿಮಾಡಿಕೊಳ್ಳುತ್ತೆ ಅಂದೆ. ಗುಡಿ ಮುಂದೆ ಹೂವಿನವಳ ಗಾಡಿಯಲ್ಲಿ ಅಂಟಿಸಿರೋ ಸ್ಕ್ಯಾನ್ ಮಾಡೋ ಚೌಕದ ಮೇಲೆ ಅರಿಶಿನ ಬಿದ್ದು ಒಂದು ಭಾಗ ಮುಚ್ಚಿಹೋಗಿದ್ದರೂ ನಿನ್ನ ಫೋನು ಓದಿದ್ದು ಇದರಿಂದಲೇ ಅಂದೆ. ಮೊನ್ನೆ ಆನ್‌ಲೈನ್ ಅಂಗಡಿಗೆ ಹೋಗಿದ್ದಾಗ ಅಲ್ಲಿನ ಹುಡುಗಿ ನನ್ನ ಆಧಾರ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಹೊಡೆದಳು, ತಕ್ಷಣ ಕೆಂಪಕ್ಷರ ಬಂತು. ಕೊನೆಯ ಅಂಕಿ ಮುಂದಿನ ಹನ್ನೊಂದರ ಕಾವಲಿಗೆ ಇರೋದು ಅಂತ ನೀನು ಹೇಳಿದ್ದು ನೆನಪಾಯಿತು. ಆದರೆ ಯಾವ ಅಂಕಿ ತಪ್ಪು ಅಂತ ಅದು ಹೇಳಲಿಲ್ಲ, ಅವಳೇ ಮೊದಲಿಂದ ನೋಡಿ ಹೊಡೆದಳು. ನಾನು ಪಕ್ಕದಲ್ಲಿದ್ದವರಿಗೆ ಇದನ್ನೆಲ್ಲ ವಿವರಿಸಿದೆ ಅಂದ್ಕೋ. ಯಾರೋ ಮೇಷ್ಟ್ರು ಇರಬೇಕು ಅಂತ ನೋಡಿದರು.

ಆಮೇಲೆ ಬಸವಲಿಂಗಮ್ಮ ಮಾಡಿದ ತರಲೆ. ಇನ್ನೊಂದು ಸಲ ಆಡು ಅಂದು ನಿನ್ನ ಗೋಡೆ ಕಡೆ ತಿರುಗಿಸಿ ನಾಲ್ಕು ಮೂಲೆಯ ನಾಲ್ಕೂ ಬೀಜ ಮಗುಚಿದಳು. ನೀನು ಅಡ್ಡ ನೋಡಿದೆ, ಉದ್ದ ನೋಡಿದೆ, ನೀನು ಏನೂ ಮುಟ್ಟೇ ಇಲ್ಲ ಅತ್ತೆ, ಎಲ್ಲ ಸರಿಯಾಗಿದೆ ಅಂದೆ. ಅವಳು ಹೊಟ್ಟೆ ಹಿಡ್ಕೊಂಡು ನಕ್ಕಳು. "ಎಲ್ಲಾ ಸರಿ ಐತಂತೆ ಕಣೆ ಪಾರ್ವತಿ. ಇಂಥ ಮೇಡಮ್ಮು ನಮ್ಮನೆ ಮುಂದೆ ಕಳ್ಳ ನಿಂತಿದ್ರೂ ಸರಿ ಐತೆ ಅಂತಾಳೆ." ನೀನೂ ನಕ್ಕೆ. ಒಂದು ತಪ್ಪನ್ನ ಇನ್ನೊಂದು ತಪ್ಪು ಮುಚ್ಚಿಹಾಕಿದರೆ ಲೆಕ್ಕ ಸರಿಹೋಗುತ್ತೆ, ಯಂತ್ರವೂ ಮೋಸ ಹೋಗುತ್ತೆ, ಅದಕ್ಕೇ ಇನ್ನೂ ಬಲವಾದ ಕಾವಲು ಹಾಕ್ತಾರೆ, ಎಷ್ಟು ಹಾಕಿದರೂ ಎಲ್ಲೋ ಒಂದು ಮಿತಿ ಇರುತ್ತೆ ಅಂದೆ. ನಾನು ಒಲೆ ಹತ್ತಿರ ಎದ್ದು ಹೋದೆ, ಸಾರು ಉಕ್ಕುತ್ತೆ ಅಂತ.

ಈಗ ನಿನ್ನ ಪ್ರಶ್ನೆಗಳು.

ನಿಮ್ಮ ತಾತ, ಅಂದರೆ ನಮ್ಮಪ್ಪ ದ್ಯಾವಯ್ಯ, ಅಕ್ಷರ ಕಲಿತವನಲ್ಲ. ಮೊಸಳೆ ಅನ್ನೋ ಊರಿನ ಪಕ್ಕದ ನನ್ನ ತವರಿನಲ್ಲಿ ದೊಡ್ಡೋರ ಮನೆಯಲ್ಲಿ ಸಾವಾದರೆ ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸೋದು ನಮ್ಮ ಮನೆತನದ ಚಾಕರಿ. ನಮ್ಮಜ್ಜ ಮಾಡಿದ, ಅವನ ಮಗನೂ ಮಾಡಿದ. ಗೌಡರ ಅಂಗಳದಲ್ಲಿ ನಿಂತರೆ ಅವರು ಜಗುಲಿ ಮೇಲೆ ಕೂತು ಒಂದೊಂದೇ ಮನೆ ಹೇಳೋರು. ಒಂದು ಮನೆಗೆ ಬಿಳಿ ದಾರದಲ್ಲಿ ಒಂದು ಗಂಟು. ಹೊಸ ಊರು ಬಂದಾಗ ಕರಿ ದಾರದಲ್ಲೂ ಒಂದು ಗಂಟು. ಹತ್ತಿರದ ಊರಿಗೆ ಕಾಲ್ನಡಿಗೆ, ದೂರಕ್ಕೆ ಬಸ್ಸು. ಪ್ರತಿ ಮನೆ ಅಂಗಳದಲ್ಲಿ ನಿಂತು ಯಾರು ಹೋದರು, ಯಾವಾಗ, ಮಣ್ಣು ಎಷ್ಟೊತ್ತಿಗೆ ಅಂತ ಹೇಳೋನು. ಕೇಳಿಸಿಕೊಂಡೋರು ಆ ಮೂರನ್ನೂ ತಿರುಗಿ ಹೇಳೋ ತನಕ ಜಾಗ ಬಿಡ್ತಿರಲಿಲ್ಲ. ಒಬ್ಬಳು ಹೆಂಗಸು, "ನನ್ ಕೈಲಿ ಮಗ್ಗಿ ಒಪ್ಪುಸ್ಕತೀಯೇನ್ಲಾ" ಅಂತ ಬೈದಿದ್ದಳಂತೆ. ಬೈದ ಮೇಲೆ ಒಪ್ಪಿಸಿದಳಂತೆ. ಆಮೇಲೇ ಬಿಳಿ ಗಂಟು ಬಿಚ್ಚೋದು. ಆ ಊರಿನ ಕೆಲಸ ಮುಗೀತು ಅನ್ನಿಸಿದ ಮೇಲೆ ಕರಿ ಗಂಟು ಬಿಚ್ಚೋದು.

ಊರಿಗೆ ಬರೋ ಹೊತ್ತಿಗೆ ಎರಡೂ ದಾರ ಬರಿದಾಗಿರಬೇಕು. ಬಿಳಿ ದಾರದಲ್ಲೂ ಕರಿ ದಾರದಲ್ಲೂ ಒಂದೊಂದು ಗಂಟು ಉಳಿದಿದ್ದರೆ ಒಂದು ಊರಿಗೇ ಹೋಗಿಲ್ಲ ಅಂತ ಅರ್ಥ. ಕರಿ ಬರಿದಾಗಿ ಬಿಳಿಯದು ಒಂದು ಉಳಿದಿದ್ದರೆ, ಹೋದ ಊರಿನಲ್ಲೇ ಒಂದು ಮನೆ ಬಿಟ್ಟುಹೋಗಿದೆ. ಎರಡು ಮೂರು ಮನೆ ಇರೋ ಊರು ಒಂದೋ ಎರಡೋ ಇರೋದು, ಅದನ್ನೇ ಯೋಚನೆ ಮಾಡಿದರೆ ಬಿಟ್ಟ ಮನೆ ಸಿಕ್ಕುತ್ತೆ. ಹೀಗೆ ಎರಡು ಸಲ ಅರ್ಧ ದಾರಿಯಿಂದ ತಿರುಗಿ ಹೋಗಿ ಹೇಳಿ ಬಂದಿದಾನೆ. ಇನ್ನೊಂದು ಕಾವಲು ನಾನು. ಐದನೇ ಕ್ಲಾಸಿನಲ್ಲಿದ್ದೆ, ಲೆಕ್ಕದಲ್ಲಿ ಮುಂದಿದ್ದೆ. ಹೊರಡೋ ಮುಂಚೆ ಅವನು ಮನೆಗಳ ಹೆಸರು ಹೇಳೋನು, ನಾನು ತಿರುಗಿ ಒಪ್ಪಿಸಿ, ಬೆರಳು ಮಡಿಸಿ ಇಷ್ಟು ಅನ್ನಬೇಕು, ಅವನು ಗಂಟು ಎಣಿಸಿ ಹೂಂ ಅನ್ನಬೇಕು.

ಇದನ್ನ ನೀನು ಸಭೆಯಲ್ಲಿ ಹೇಳ್ತೀಯ ಅಂತ ಅರಕಲಗೂಡಿಗೆ ಫೋನು ಮಾಡಿ ಭೀಮನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. "ಒಂದ್ ಸಾವು ತಪ್ಪುದ್ರೆ ಬೆನ್ ಮ್ಯಾಲೆ ಬಾಸುಂಡೆ ಬತ್ತಿತ್ತು, ಅದುಕ್ಕೆ ಗಂಟ್ ಆಕ್ತಿದ್ದ ಕಣಕ್ಕ. ಬಿಟ್ಟಿ ಚಾಕರಿನ ಇದ್ಯೆ ಅಂತ ಮೆರುಸ್ಬ್ಯಾಡ ಅನ್ನು ನಿನ್ ಮಗ್ಳುಗೆ. ಯೋಳದಾದ್ರೆ ಬಾಸುಂಡೇನೂ ಸೇರ್ಸಿ ಯೋಳ್ಲಿ." ಅವನು ಹೇಳಿದ್ದು ಸುಳ್ಳಲ್ಲ. ಹೆದರಿಕೆಗೇ ಗಂಟು ಹಾಕಿದ್ದು. ಆದರೆ ಎರಡು ದಾರ ಇಟ್ಟುಕೋ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಮ್ಮಜ್ಜನ ಕಾಲಕ್ಕೆ ಒಂದೇ ದಾರ. ಎರಡನೇದು ಇವನ ತಲೆಗೆ ಹೊಳೆದದ್ದು. ನೀನು ಎರಡನ್ನೂ ಹೇಳು.

ಮೂರನೇ ಪ್ರಶ್ನೆಗೆ ಉತ್ತರ, ಹೌದು. ಒಂದು ಸಲ ಕೈಕೊಟ್ಟಿತು.

ನನಗೆ ಹತ್ತು ವರ್ಷ. ಪುಟ್ಟಸ್ವಾಮಿಗೌಡರ ತಾಯಿ ಬೆಳಗಿನ ಜಾವ ಹೋದರು. ತಾತ ಅಂಗಳಕ್ಕೆ ಹೋಗಿ ಹೆಸರು ಕೇಳಿ, ಗಂಟು ಹಾಕ್ಕೊಂಡು ಬಂದ. ನುಗ್ಗೇಹಳ್ಳಿಯಲ್ಲಿ ಗೌಡರ ಷಡ್ಡಕನ ಮನೆ ಒಂದಿತ್ತು, ಅದೂ ಸೇರಿತ್ತು. ನನ್ನ ಕೈಲಿ ಒಪ್ಪಿಸಿಕೊಂಡ. ಅಷ್ಟು ಹೊತ್ತಿಗೆ ಗೌಡರ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿ ಕರೆಸಿ, ನುಗ್ಗೇಹಳ್ಳಿಯಲ್ಲೇ ಕಾಮಾಕ್ಷಿಗೂ ಹೇಳಿಬಿಡು ಅಂದರು. ಆ ಕಾಮಾಕ್ಷಮ್ಮ ಸತ್ತ ಮುದುಕಿಯ ಹೊಟ್ಟೇಲಿ ಹುಟ್ಟಿದವರಲ್ಲ. ತಾಯಿ ಇಲ್ಲದ ಕೂಸು ಅಂತ ಮೂರು ತಿಂಗಳಿಂದ ಸಾಕಿ, ಮದುವೆ ಮಾಡಿ ಕಳಿಸಿದ್ದರು. ಜಗುಲಿ ಮೇಲಿನ ಗಂಡಸರಿಗೆ ಅವರ ಹೆಸರು ನೆನಪಾಗಿರಲಿಲ್ಲ. ತಾತ ಅಲ್ಲೇ ಬಿಳಿ ದಾರಕ್ಕೆ ಇನ್ನೊಂದು ಗಂಟು ಹಾಕ್ಕೊಂಡ. ನುಗ್ಗೇಹಳ್ಳಿಗೆ ಕರಿ ಗಂಟು ಮೊದಲೇ ಇತ್ತು.

ಬೆಳಗಿಂದ ಮಧ್ಯಾಹ್ನದವರೆಗೆ ನಡೆದ, ಆಮೇಲೆ ಬಸ್ಸು ಹತ್ತಿದ. ನುಗ್ಗೇಹಳ್ಳಿಯಲ್ಲಿ ಷಡ್ಡಕನ ಮನೆಗೆ ಹೇಳಿದಾಗ ದಾರ ಬರಿದಾಯಿತು. ವಾಪಸ್ ಬಂದ. ಕಾಮಾಕ್ಷಮ್ಮನದು ಊರಾಚೆ ತೋಟದ ಮನೆ. ಷಡ್ಡಕನ ಮನೆಯೋರಿಗೂ ಅವರಿಗೂ ಮಾತುಕತೆ ಇರಲಿಲ್ಲ, ಅಲ್ಲಿಗೂ ಹೇಳಿರ್ತಾನೆ ಅಂದ್ಕೊಂಡು ಷಡ್ಡಕನ ಮನೆಯೋರು ಬಸ್ಸು ಹತ್ತಿದರು. ಕಾಮಾಕ್ಷಮ್ಮನಿಗೆ ಗೊತ್ತಾಗಿದ್ದು ಮೂರನೇ ದಿನ, ಹಾಲುತುಪ್ಪದ ಹೊತ್ತಿಗೆ ಬಂದರು. ಮಣ್ಣು ಮಾತ್ರ ಸಿಕ್ಕಿತು, ಮುಖ ಸಿಗಲಿಲ್ಲ.

ತಾತನ್ನ ಕರೆಸಿದರು. ನಾನೂ ಹಿಂದೆ ಹೋಗಿ ಬೇಲಿ ಹತ್ತಿರ ನಿಂತಿದ್ದೆ. ಗೌಡರು, ನೀನು ಕುಡಿದು ಮರೆತಿದ್ದೀಯ ಅಂದರು. ತಾತ ಹೆಂಡ ಮುಟ್ಟಿದವನಲ್ಲ, ಅದು ಅವರಿಗೂ ಗೊತ್ತಿತ್ತು. ಸೊಂಟದಿಂದ ಎರಡೂ ದಾರ ತೆಗೆದು ತೋರಿಸಿದ. ಜಗುಲಿ ಮೇಲಿದ್ದೋರು ನಕ್ಕರು. ಕಾಮಾಕ್ಷಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಊರುಗ್ ಬಂದವ್ನಿಗೆ ನಮ್ ತ್ವಾಟುಕ್ ಬರಕೆ ಏನಾಗಿತ್ತು ದ್ಯಾವಯ್ಯ" ಅಂದರು, ಅಷ್ಟೇ. ತಾತ ಬರಿ ದಾರ ಹಿಡ್ಕೊಂಡು, "ಗಂಟು ಆಕಿದ್ದೆ ಕಣವ್ವ, ನಿಜ. ಒಂದ್ ಮನೇಲಿ ನಾನೇ ಎಳ್ಡು ಬಿಚ್ಚಿರಬೇಕು" ಅಂದ. ಬೆನ್ನ ಮೇಲೆ ಏನಾಯಿತು ಅಂತ ಬರೆಯೋಲ್ಲ. ಭೀಮ ಹೇಳಿದ್ದರಲ್ಲಿ ಅದು ಬಂತು.

ಅಲ್ಲಿಂದ ಆ ಚಾಕರಿ ಬಿಟ್ಟ. ಆಲೂಗಡ್ಡೆ ಹೊಲದ ಕೂಲಿಗೆ, ರಸ್ತೆ ಕೆಲಸಕ್ಕೆ ಹೋದ. ಚಾಕರಿ ತೊಲಗಿದ್ದು ನಮ್ಮ ಮನೆಗೆ ಒಳ್ಳೇದೇ ಆಯಿತು, ಭೀಮ ಓದಿದ್ದೂ ಅದರಿಂದಲೇ. ತೊಲಗಿದ ರೀತಿ ಮಾತ್ರ ಸರಿಯಿರಲಿಲ್ಲ. ಆಮೇಲೆ ಅವನು ಯಾವ ಮಾತನ್ನೂ ಒಬ್ಬನೇ ಒಯ್ಯಲಿಲ್ಲ. ನನ್ನ ಮದುವೆಗೆ ಕರೆಯೋಕೂ ಜೊತೆಗೆ ಒಬ್ಬರನ್ನ ಕರ್ಕೊಂಡು ಹೋದ, ನನ್ ತಲೆ ನೆಚ್ಕಬ್ಯಾಡಿ ಅಂದ. ನೀನು ಚಿಕ್ಕೋಳಿದ್ದಾಗ ಅಂಗಡಿಯಿಂದ ಎರಡು ಸಾಮಾನು ತಾ ಅಂದರೆ ಚೀಟಿ ಬರೆಸಿಕೊಂಡು ಹೋಗ್ತಿದ್ದದ್ದು ನಿನಗೂ ನೆನಪಿರಬೇಕು. ಓದು ಬಾರದವನು ಚೀಟಿ ಹಿಡ್ಕೊಂಡು ಹೋಗ್ತಾನೆ ಅಂತ ನೀನು ನಗ್ತಿದ್ದೆ. ನಿನ್ನ ತಪ್ಪಲ್ಲ.

ನಿನ್ನ ಕ್ಲಾಸಿನಲ್ಲಿ ಭವ್ಯಶ್ರೀ ಅಂತ ಜಾಣ ಹುಡುಗಿ ಇದಾಳೆ, ನುಗ್ಗೇಹಳ್ಳಿ ಕಡೆಯೋರು, ಅಜ್ಜಿ ಹೆಸರು ಕಾಮಾಕ್ಷಮ್ಮ, ಈಗ ಮಗನ ಜೊತೆ ಚನ್ನರಾಯಪಟ್ಟಣದಲ್ಲೇ ಇದಾರೆ, ಸಭೆಗೆ ಅವರೆಲ್ಲ ಬರ್ತಾರೆ ಅಂತ ನೀನು ಹಬ್ಬದ ದಿನ ಊಟ ಮಾಡ್ತಾ ಹೇಳಿದೆ. ನಾನು ಅರ್ಧಕ್ಕೇ ಎದ್ದು ಕೈ ತೊಳೆದೆ. ತಾತನ ದಾರ ಎಂದೂ ತಪ್ಪಲಿಲ್ಲ ಅಂತ ನೀನು ಅಲ್ಲಿ ಹೇಳಬಾರದು. ಹೇಳಿದರೆ ಕೇಳಿಸಿಕೊಳ್ಳೋರಲ್ಲಿ ಒಬ್ಬರಿಗೆ ಅದು ಸುಳ್ಳು ಅಂತ ಗೊತ್ತಿರುತ್ತೆ. ಕುಡಿದು ಮರೆತ ದ್ಯಾವಯ್ಯನ ಮೊಮ್ಮಗಳು ಅಂತ ನಿನ್ನ ಪಾಠನೂ ಅಳೀತಾರೆ.

ನಿಮ್ಮಪ್ಪ ಬರೋ ಹೊತ್ತಾಯಿತು. ಹಾಲಿನ ಕ್ಯಾನು ತೊಳೀಬೇಕು. ಸಭೆಗೆ ಆ ಹಸಿರು ಸೀರೆ ಉಟ್ಕೋ, ಬಿಸಿಲಿಗೆ ಛತ್ರಿ ತಗೋ, ಮಾತಾಡೋ ಮುಂಚೆ ಏನಾದರೂ ತಿನ್ನು. ಚೌಡಮ್ಮ ನಿನ್ನ ಕಾಯಲಿ, ನಿನ್ನ ಮಾತು ಕೇಳೋರ ಮನಸ್ಸಿಗೆ ಮುಟ್ಟಲಿ.

ಇತಿ ನಿನ್ನ ಅಮ್ಮ,
ಪಾರ್ವತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಆಗದೆ ಕೆಳಗೆ ಬಿಟ್ಟದ್ದು. ಆ ಗಂಟು ಬಿಚ್ಚಿದವಳು ನಾನು. ನಮ್ಮಪ್ಪ ಗೌಡರ ಹಿತ್ತಿಲಿಂದ ಬಂದು ದಾರಗಳನ್ನ ಬೇಲಿ ಗೂಟಕ್ಕೆ ಹಾಕಿ ಗಂಜಿ ಕುಡಿಯೋಕೆ ಕೂತ. ನಾನು ಒಪ್ಪಿಸಿದ್ದು ಹನ್ನೊಂದು ಮನೆ, ಸುಮ್ಮನೆ ಎಣಿಸಿ ನೋಡಿದರೆ ಹನ್ನೆರಡು ಗಂಟು. ಅಪ್ಪ ಒಂದು ಜಾಸ್ತಿ ಹಾಕಿದಾನೆ, ತಿದ್ದಿಬಿಡೋಣ ಅಂತ ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಕೇಳಬಹುದಿತ್ತು, ಎರಡು ಮಾರು ದೂರದಲ್ಲೇ ಕೂತಿದ್ದ. ಮೇಷ್ಟ್ರು ಅದೇ ವಾರ ನನ್ನ ಸ್ಲೇಟು ಎತ್ತಿ ಎಲ್ಲರಿಗೂ ತೋರಿಸಿದ್ದರು, ಆ ಮದ. ಕಾಮಾಕ್ಷಮ್ಮನ ಹೆಸರು ಅವನ ಬಾಯಲ್ಲಿ ಒಂದು ಸಲವೂ ಬಂದಿರಲಿಲ್ಲ, ಆ ಗಂಟಿನಲ್ಲಿ ಮಾತ್ರ ಇತ್ತು. ಮೂರನೇ ದಿನ ಬೇಲಿ ಹತ್ತಿರ ನಿಂತಾಗ ನನಗೆ ಎಲ್ಲಾ ಗೊತ್ತಾಯಿತು, ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಕೊನೇ ವಾರ ಅವನು ನನ್ನ ಕೈ ಹಿಡ್ಕೊಂಡು, "ಯಾರ ಮನೇಲಿ ಎಳ್ಡು ಬಿಚ್ಚುದ್ನವ್ವ ಪಾರ್ವತಿ" ಅಂತ ಕೇಳಿದ. ನಾನು ನೀರು ಕುಡಿಯಪ್ಪ ಅಂದೆ.

ಇದರ ಜೊತೆ ಇನ್ನೊಂದು ಹಾಳೆ ಮಡಚಿ ಇಟ್ಟಿದೀನಿ, ಅದು ಕಾಮಾಕ್ಷಮ್ಮನಿಗೆ. ಸಭೆಗೆ ಮುಂಚೆಯೇ ಅವರ ಮನೆಗೆ ಹೋಗು. ಕಣ್ಣು ಮಂಜು ಅಂತೆ, ನೀನೇ ಓದಿ ಹೇಳು, ನನ್ನ ಮಾನ ಉಳಿಸೋಕೆ ಒಂದು ಮಾತೂ ಬಿಡಬೇಡ. ಅವರು ಏನು ಹೇಳ್ತಾರೋ ಅಲ್ಲೇ ಕೂತು ಬರ್ಕೊಂಡು ನನಗೆ ತಂದುಕೊಡು. ಬೈದರೆ ಬೈದ ಹಾಗೇ ಬರಿ. ಏನೂ ಹೇಳದೆ ಎದ್ದು ಒಳಗೆ ಹೋದರೆ, ಹೋದರು ಅಂತ ಬರ್ಕೊಂಡು ಬಾ.